ಜೊಂಡು ಕಿತ್ತು ಕಲ್ಲು ಕಟ್ಟುವ ಮುಂಚೆ

ನನ್ನ ಮೇಜಿಗೆ ಬರುವ ಕೆರೆ ನಕ್ಷೆಗಳಲ್ಲಿ ನೀಲಿ ಬಣ್ಣದ ಸುತ್ತ ಒಂದೇ ಒಂದು ಕಪ್ಪು ಗೆರೆ ಇರುತ್ತದೆ. ಗೆರೆಯ ಆಚೆ ನೀರು, ಈಚೆ ನೆಲ. ಗೆರೆಯ ಮೇಲೆ ಕಲ್ಲು ಪಿಚ್ಚಿಂಗ್, ಅಂದರೆ ದಡಕ್ಕೆ ಹಾಸಿ ಕಟ್ಟುವ ಕಲ್ಲು. ಪಕ್ಕದಲ್ಲಿ ವಾಕಿಂಗ್ ಪಾತ್, ಉದ್ದಕ್ಕೂ ದೀಪದ ಕಂಬ, ಮೂಲೆಯಲ್ಲೊಂದು ಜಾರುಬಂಡೆ. "ಜೊಂಡೆಲ್ಲ ತೆಗೆಸ್ತೀವಿ ಸಾರ್, ಮಕ್ಕಳು ಬರಬೇಕಲ್ವಾ?" ಅನ್ನುತ್ತಾರೆ ನಕ್ಷೆ ತಂದವರು. ಮಕ್ಕಳ ಮೇಲೆ ಅವರಿಗೆ ನಿಜವಾದ ಪ್ರೀತಿಯೇ ಇದೆ. ಆದರೆ ಕೆರೆಗಳ ಜೀವಲೋಕ ನೋಡಿಕೊಳ್ಳುವ ಈ ಕೆಲಸದಲ್ಲಿ ನನ್ನ ತಾಳ್ಮೆ ಕೆಡಿಸುವ ಮಾತು ಅಂದರೆ ಇದೇ.

ಚರಂಡಿ ನೀರು ಬಿಡಬಾರದು, ಕಸ ಸುರಿಯಬಾರದು ಅಂತ ಇಲ್ಲಿ ಹೇಳುವುದಿಲ್ಲ. ಅದು ಎಲ್ಲರಿಗೂ ಗೊತ್ತು. ಎಷ್ಟು ಸಲ ಹೇಳಿದರೂ ಮನಸ್ಸಿಗೆ ಇಳಿಯದೆ ಇರುವುದು ದಡದ ವಿಷಯ.

ದಡಕ್ಕೆ ಅಗಲ ಇದೆ. ಒದ್ದೆ ಹುಲ್ಲಿನಿಂದ ಅದು ಶುರುವಾಗುತ್ತದೆ. ಆಮೇಲೆ ಕೆಸರಲ್ಲಿ ಬೇರೂರಿದ ಜೊಂಡು ಬರುತ್ತದೆ. ಅದರಾಚೆ ತೇಲುವ ಎಲೆಗಳು. ಅದಕ್ಕೂ ಆಚೆ, ಬಿಸಿಲು ತಳ ಮುಟ್ಟುವಷ್ಟು ದೂರ, ನೀರೊಳಗಿನ ಗಿಡಗಳು. ಇಷ್ಟೂ ಸೇರಿದರೆ ದಡ. ಮೀನುಮರಿ ಅಡಗುವುದು, ಕಪ್ಪೆ ಮೊಟ್ಟೆ ಇಡುವುದು, ಗುಳುಮುಳುಕ ಹಕ್ಕಿ ತೇಲುವ ಗೂಡು ಕಟ್ಟಿ ಅದನ್ನು ದಂಟುಗಳಿಗೆ ಸಿಕ್ಕಿಸುವುದು, ಎಲ್ಲ ಇಲ್ಲೇ. ಇದರ ಮೇಲೆ ಕಲ್ಲು ಹಾಸಿ "ನೀರನ್ನು ಮುಟ್ಟಿಲ್ಲ ಸಾರ್, ದಡ ಮಾತ್ರ ಸರಿ ಮಾಡಿದ್ವಿ" ಅಂದರೆ ನಾನು ಏನು ಹೇಳಲಿ? 1971ರ ಫೆಬ್ರುವರಿ 2ರಂದು ಇರಾನಿನ ರಾಮ್ಸಾರ್‌ನಲ್ಲಿ ಜೌಗುನೆಲಗಳ ಒಪ್ಪಂದ ಆಯಿತಲ್ಲ, ಅದರಲ್ಲೇ ಒಂದು ಮಾತಿದೆ. ಒಂದು ಜೌಗುನೆಲದ ಗಡಿ ಗುರುತಿಸುವಾಗ ನೀರಿಗೆ ಹೊಂದಿಕೊಂಡ ದಡದ ಪ್ರದೇಶವನ್ನೂ ಒಳಗೆ ಸೇರಿಸಿಕೊಳ್ಳಬಹುದು ಅಂತ. ಐವತ್ತು ವರ್ಷ ದಾಟಿದರೂ ನಮ್ಮ ನಕ್ಷೆಯ ಗೆರೆ ದಪ್ಪ ಆಗಿಲ್ಲ.

ಈ ದಡದ ಪಟ್ಟಿ ಇದ್ದ ಜಾಗದಲ್ಲೇ ಇರುವುದೂ ಇಲ್ಲ. ಮಳೆ ಬಂದಾಗ ನೀರು ಮೇಲಕ್ಕೆ ಬರುತ್ತದೆ, ಬೇಸಿಗೆಯಲ್ಲಿ ಹಿಂದೆ ಸರಿಯುತ್ತದೆ. ಹಿಂದೆ ಸರಿದಾಗ ಕಾಣುವ ಕೆಸರನ್ನು ಜನ ಕೊಳಕು ಅಂದುಕೊಳ್ಳುತ್ತಾರೆ. ಜೊಂಡಿನ ಬೀಜ ಚೆನ್ನಾಗಿ ಮೊಳೆಯುವುದು ಆ ಕೆಸರಲ್ಲಿ. ಉದ್ದ ಕಾಲಿನ ಹಕ್ಕಿಗಳು ಹುಳ ಹೆಕ್ಕುವುದೂ ಅಲ್ಲೇ. ವರ್ಷವಿಡೀ ಕೆರೆ ತುಂಬಿ ತುಳುಕಬೇಕು ಅನ್ನುವ ಆಸೆ ನನಗೆ ಅರ್ಥವಾಗುತ್ತದೆ, ಫೋಟೋಗೂ ಚೆಂದ. ಆದರೆ ನೀರನ್ನು ಸದಾ ಒಂದೇ ಮಟ್ಟದಲ್ಲಿ ಹಿಡಿದಿಟ್ಟರೆ ಈ ಏರಿಳಿತದ ಪಟ್ಟಿಯೇ ಕಾಣದಾಗುತ್ತದೆ.

ಇನ್ನು ಕಲ್ಲಿನ ಗೋಡೆ. ಅಲೆ ಬಂದು ಅದಕ್ಕೆ ಬಡಿದು ವಾಪಸ್ ಹೋಗುತ್ತದೆ, ತಳದ ಹೂಳನ್ನು ಕಲಕುತ್ತದೆ. ಅದೇ ಅಲೆ ಜೊಂಡಿನೊಳಗೆ ನುಗ್ಗಿದರೆ ಸುಸ್ತಾಗುತ್ತದೆ, ಹೂಳು ಅಲ್ಲೇ ಕೂರುತ್ತದೆ. ಆಳ ಕಡಿಮೆ ಇರುವ ಕೆರೆಗಳಿಗೆ ಇದು ಪ್ರಾಣದ ಪ್ರಶ್ನೆ. ನೆದರ್ಲೆಂಡ್ಸ್‌ನ ವಿಜ್ಞಾನಿ ಮಾರ್ಟೆನ್ ಶೆಫರ್ ಮತ್ತು ಸಂಗಡಿಗರು 1993ರಲ್ಲಿ ಇದನ್ನು ವಿವರಿಸಿದರು. ಇಂಥ ಕೆರೆ ಎರಡು ಸ್ಥಿತಿಗಳಲ್ಲಿ ನೆಲೆ ನಿಲ್ಲಬಲ್ಲದು. ಒಂದು, ಗಿಡಗಳಿರುವ ತಿಳಿನೀರು. ಇನ್ನೊಂದು, ಗಿಡಗಳಿಲ್ಲದ, ಪಾಚಿಯಿಂದ ಮಬ್ಬಾದ ನೀರು. ಗಿಡಗಳು ಹೋಗಿ ನೀರು ಒಮ್ಮೆ ಮಬ್ಬಾದರೆ ಬಿಸಿಲು ಕೆಳಗೆ ಇಳಿಯುವುದಿಲ್ಲ. ಬಿಸಿಲಿಲ್ಲದೆ ಗಿಡ ಮತ್ತೆ ಬರುವುದಿಲ್ಲ. "ಈಗ ತೆಗೆದು ಆಮೇಲೆ ನೆಟ್ಟರಾಯ್ತು" ಅನ್ನುವವರಿಗೆ ಇದನ್ನೇ ಬಿಡಿಸಿ ಬಿಡಿಸಿ ಹೇಳುತ್ತೇನೆ. ಕೆಡಿಸುವ ದಾರಿಯಲ್ಲೇ ಹಿಂದಿರುಗಿ ಬರಲು ಆಗುವುದಿಲ್ಲ. ಸರಿಮಾಡಲು ಅದಕ್ಕಿಂತ ತುಂಬ ಜಾಸ್ತಿ ಕೆಲಸ ಬೇಕು.

ದೀಪದ ಮಾತೂ ಹೇಳಿಬಿಡುತ್ತೇನೆ. ಡ್ಯಾಫ್ನಿಯಾ ಅನ್ನುವ ಪುಟಾಣಿ ಜೀವಿಗಳು ಹಗಲು ಮೀನಿಗೆ ಹೆದರಿ ಕೆಳಗಿದ್ದು, ಕತ್ತಲಾದ ಮೇಲೆ ಮೇಲೆ ಬಂದು ಪಾಚಿ ಮೇಯುತ್ತವೆ. ಊರಿನ ಬೆಳಕು ಬೀಳುವ ಕೆರೆಯಲ್ಲಿ ಅವು ಮೇಲೆ ಬರುವುದು ಕಡಿಮೆಯಾಗುತ್ತದೆ ಅಂತ ಅಮೆರಿಕದಲ್ಲಿ ನಡೆದ ಅಧ್ಯಯನ ತೋರಿಸಿದೆ. ಕಂಬ ನೆಡುವ ಮುಂಚೆ ಅವನ್ನೂ ಸ್ವಲ್ಪ ನೆನೆಯಿರಿ.

ಎಲ್ಲ ಕಡೆ ಜೊಂಡು ಹಾಗೇ ಬಿಡಿ ಅಂತ ನಾನು ಹೇಳುತ್ತಿಲ್ಲ. ಕೆಲವು ಕೆರೆಗಳಲ್ಲಿ ಅದು ನೀರನ್ನೆಲ್ಲ ಆವರಿಸುತ್ತದೆ. ಆಗ ಗೂಡು ಕಟ್ಟುವ ಕಾಲ ಬಿಟ್ಟು, ಅಲ್ಲಲ್ಲಿ ಕತ್ತರಿಸಬೇಕು. ನೀರ ಮೇಲೆ ತೇಲಿ ಹರಡುವ ಹಯಸಿಂತ್ ಕಳೆಯ ಕಥೆ ಬೇರೆಯೇ, ಅದನ್ನು ತೆಗೆಯಲೇಬೇಕು. ಕೆರೆ ನೋಡದೆ ಸಲಹೆ ಕೊಡುವುದು ಸರಿಯಲ್ಲ.

ಈಗ ಮಕ್ಕಳ ವಿಷಯ. ಮೊದಲು ಕೇಳುವ ಪ್ರಶ್ನೆ, ಅಪಾಯ ಅಲ್ವಾ ಅಂತ. ಹೌದು, ನೀರು ಅಪಾಯವೇ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ಮುಳುಗಿ ಸತ್ತರು. ಹಾಗಾಗಿ ದೊಡ್ಡವರು ಕಣ್ಣಿಟ್ಟಿರಲೇಬೇಕು, ಹಸಿರು ಬಣ್ಣ ಚೆಲ್ಲಿದಂತೆ ಪಾಚಿ ಕಟ್ಟಿದ ನೀರಿಗೆ ಮಕ್ಕಳನ್ನು ಇಳಿಸಬಾರದು. ಆದರೆ ಕಡಿದಾದ ಗೋಡೆಯಿಂದ ಜಾರಿ ಬಿದ್ದ ಮಗುವಿಗೆ ಹಿಡಿದು ಮೇಲೆ ಬರಲು ಏನಿದೆ? ನಿಧಾನಕ್ಕೆ ಇಳಿಯುವ ದಡದಲ್ಲಿ ಮೊದಲು ಪಾದ ಒದ್ದೆಯಾಗುತ್ತದೆ, ಆಮೇಲೆ ಮೊಣಕಾಲು. ಎಷ್ಟು ದೂರ ಬಂದೆ ಅಂತ ಮಗುವಿಗೇ ತಿಳಿಯುತ್ತದೆ.

ಮನಸ್ಸಿನ ಆರೋಗ್ಯದ ಬಗ್ಗೆ ನಾನು ವೈದ್ಯನಲ್ಲ, ಹುಷಾರಾಗಿ ಹೇಳುತ್ತೇನೆ. ಡೆನ್ಮಾರ್ಕಿನಲ್ಲಿ 9 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಇಟ್ಟುಕೊಂಡು ಮಾಡಿದ ಅಧ್ಯಯನ 2019ರಲ್ಲಿ ಬಂತು. ಬಾಲ್ಯದಲ್ಲಿ ಸುತ್ತ ಹಸಿರು ತೀರಾ ಕಡಿಮೆ ಇದ್ದವರಿಗೆ ಮುಂದೆ ಮಾನಸಿಕ ಕಾಯಿಲೆಗಳು ಬರುವ ಸಂಭವ, ತುಂಬ ಹಸಿರಿದ್ದವರಿಗಿಂತ ಶೇ 55ರವರೆಗೆ ಜಾಸ್ತಿ ಕಂಡಿತು. ಎರಡಕ್ಕೂ ನಂಟಿದೆ ಅಂತಷ್ಟೇ ಅರ್ಥ, ಇದರಿಂದಲೇ ಅದಾಯಿತು ಅಂತ ಅಲ್ಲ. ಉಪಗ್ರಹದ ಚಿತ್ರದಿಂದ ಅಳೆದ ಹಸಿರು ಅದು, ಕತ್ತರಿಸಿದ ಹುಲ್ಲುಹಾಸೂ ಕಾಡು ದಡವೂ ಅದರಲ್ಲಿ ಬೇರೆ ಬೇರೆ ಕಾಣುವುದಿಲ್ಲ. ಮನಶ್ಶಾಸ್ತ್ರಜ್ಞರಾದ ರೇಚಲ್ ಮತ್ತು ಸ್ಟೀಫನ್ ಕಪ್ಲನ್ ಇನ್ನೊಂದು ಮಾತು ಹೇಳಿದ್ದರು. ಒತ್ತಾಯದಿಂದ ಗಮನ ಕೊಟ್ಟು ಕೊಟ್ಟು ದಣಿದ ಮನಸ್ಸಿಗೆ, ತಾನಾಗಿ ಸೆಳೆಯುವ ಸಣ್ಣ ಸಣ್ಣ ಸಂಗತಿಗಳು ವಿಶ್ರಾಂತಿ ಕೊಡುತ್ತವೆ ಅಂತ. ಅಲುಗುವ ಎಲೆ, ನೀರ ಮೇಲಿನ ಬೆಳಕು, ಅಂಥವು. ಇದನ್ನು ನಾನು ದಡದಲ್ಲಿ ನೋಡಿದ್ದೇನೆ.

ಒಮ್ಮೆ ಹದಿನಾಲ್ಕು ಹದಿನೈದು ವಯಸ್ಸಿನ ಮಕ್ಕಳ ಗುಂಪನ್ನು ಬೆಳಗ್ಗೆ ಬೇಗ ಕೆರೆಗೆ ಕರೆದುಕೊಂಡು ಹೋಗಿದ್ದೆ. ಒಬ್ಬ ಹುಡುಗನ ಬಗ್ಗೆ ಮೇಷ್ಟ್ರು ಮೊದಲೇ ಹೇಳಿದ್ದರು, ಅವನು ಯಾರ ಜೊತೆಗೂ ಮಾತಾಡಲ್ಲ, ಸುಮ್ನೆ ಬಿಟ್ಟುಬಿಡಿ ಅಂತ. ಬಿಟ್ಟೆ. ಸ್ವಲ್ಪ ಹೊತ್ತಿಗೆ ನೋಡಿದರೆ ಕೆಸರಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಾನೆ. ಮೂಗಿನ ಮುಂದೆ ಒಂದು ಜೊಂಡಿನ ದಂಟು. ನೀರಿನಿಂದ ಹತ್ತಿ ಬಂದ ಏರೋಪ್ಲೇನ್ ಚಿಟ್ಟೆಯ ಮರಿ ಅದರ ಮೇಲೆ ಬೆನ್ನು ಬಿರಿದು ಹೊರಗೆ ಬರುತ್ತಿತ್ತು. ಮುದುಡಿದ ರೆಕ್ಕೆ ಮೆಲ್ಲಗೆ ಬಿಚ್ಚುತ್ತಿತ್ತು. ಗಂಟೆಗೂ ಜಾಸ್ತಿ ಹೊತ್ತು ಅವನು ಏಳಲಿಲ್ಲ. ಬಸ್ಸಿಗೆ ಹೊತ್ತಾಯಿತು ಅಂತ ನಾನು ಕರೆದಾಗ, "ಇನ್ನೂ ರೆಕ್ಕೆ ಒಣಗಿಲ್ಲ ಸಾರ್, ಐದು ನಿಮಿಷ" ಅಂದ. ನಾನು ಅವನ ಬಾಯಿಂದ ಕೇಳಿದ ಮೊದಲ ಮಾತು ಅದು. ಐದು ನಿಮಿಷ ಕಾದೆವು. ಅದರಿಂದ ಅವನ ಕಷ್ಟ ಕರಗಿತು ಅಂತ ನಾನು ಹೇಳುವುದಿಲ್ಲ. ಅವತ್ತು ಅವನ ಮುಖ ಹೇಗಿತ್ತು ಅನ್ನುವುದು ಮಾತ್ರ ಗೊತ್ತು.

ಎರಡು ವರ್ಷದ ಮೇಲೆ ಅದೇ ದಡಕ್ಕೆ ಕಲ್ಲು ಬಿತ್ತು. ನನ್ನ ವರದಿ ಫೈಲಿನಲ್ಲೇ ಉಳಿಯಿತು. ಈಗ ಅಲ್ಲಿ ಮಕ್ಕಳು ಬರುತ್ತಾರೆ, ಕಟ್ಟೆ ಮೇಲೆ ಕೂತು ಫೋನ್ ನೋಡುತ್ತಾರೆ. ಅವರ ತಪ್ಪೇನೂ ಇಲ್ಲ, ನೋಡಲು ಬೇರೆ ಏನೂ ಇಲ್ಲ.

ಹಾಗಾದರೆ ಜನ ಎಲ್ಲಿ ಹೋಗಬೇಕು? ದಡದ ಒಂದು ಕಡೆ ಬಿಟ್ಟುಕೊಡಿ. ಅಲ್ಲಿ ಮಣ್ಣಿನ ಇಳಿಜಾರು ಮಾಡಿ, ನೀರು ಮುಟ್ಟಲು ಬಿಡಿ. ಉಳಿದ ಕಡೆ ದಾರಿಯನ್ನು ಜೊಂಡಿನಿಂದ ದೂರ ಒಯ್ಯಿರಿ, ಹಕ್ಕಿಗಳು ಬೆದರದಷ್ಟು ದೂರ. ಎಷ್ಟು ದೂರ ಅನ್ನುವುದು ಅಲ್ಲಿನ ಹಕ್ಕಿಗಳ ಮೇಲೆ ನಿಂತಿದೆ, ಬಂದು ನೋಡಿದರೆ ಹೇಳಬಲ್ಲೆ.

ಬರುವ ಮುಂಚೆ ಒಂದು ಕೆಲಸ ಮಾಡಿ. ಕೆರೆಯಲ್ಲಿ ಅಳತೆ ಬರೆದ ಗೂಟ ಹೊಡೆಸಿ. ಹತ್ತಿರದ ಶಾಲೆಯ ಮಕ್ಕಳಿಗೆ ಒಂದು ನೋಟ್ ಪುಸ್ತಕ ಕೊಡಿ. ವಾರಕ್ಕೊಮ್ಮೆ ಮೇಷ್ಟ್ರ ಜೊತೆ ಹೋಗಿ ನೀರು ಎಲ್ಲಿದೆ, ದಡದಲ್ಲಿ ಏನು ಕಂಡಿತು ಅಂತ ಬರೆಯಲಿ. ಒಂದು ವರ್ಷ ಆಗಲಿ. ಆಮೇಲೆ ನಕ್ಷೆಯ ಜೊತೆ ಆ ಪುಸ್ತಕವನ್ನೂ ತನ್ನಿ, ಗೆರೆ ಎಲ್ಲಿ ಎಳೆಯುವುದು ಅಂತ ಕೂತು ನೋಡೋಣ.