ಬೋಲ್ಡ್ ಇಟಾಲಿಕ್ ಸ್ಲ್ಯಾಬ್ ಸೆರಿಫ್ ಅಂದರೇನು?

ದಾವಣಗೆರೆ ಹೊರಗಿನ ಹೆದ್ದಾರಿಯಲ್ಲಿ ವೋಲ್ವೊ ಬಸ್ಸು ಹೋಗುವಾಗ ಅದರ ಮೇಲಿನ ಹೆಸರು ಗಮನಿಸಿ. ಇಂಗ್ಲಿಷಿನ ‘ವಿ’ ಅಕ್ಷರದ ಎರಡೂ ತುದಿಗೆ ಅಡ್ಡ ಪಟ್ಟಿ ಇದೆ. ಆ ಪಟ್ಟಿಯೇ ಸೆರಿಫ್. ಅದು ಸಪೂರವಾಗಿ ಚೂಪಾಗದೆ, ಇಟ್ಟಿಗೆ ಹಾಗೆ ಮಟ್ಟಸವಾಗಿ ದಪ್ಪ ಇದ್ದರೆ ಸ್ಲ್ಯಾಬ್ ಸೆರಿಫ್. ಸೋನಿ ಹೆಸರೂ ಇದೇ ಜಾತಿಯದು. ಇಂಥ ಅಕ್ಷರದ ಗೆರೆ ಇನ್ನೂ ದಪ್ಪವಾದರೆ ಬೋಲ್ಡ್, ಬಲಕ್ಕೆ ವಾಲಿದರೆ ಇಟಾಲಿಕ್.

ಇಟಾಲಿಕ್, ಸ್ಲ್ಯಾಬ್ ಎರಡೂ ಹುಟ್ಟಿದ್ದು ಬೇರೆ ಬೇರೆ ಕೆಲಸಕ್ಕೆ. ಇಟಾಲಿಕ್ ಬಂದದ್ದು ಕೈಬರಹದಿಂದ. ವೆನಿಸ್‌ನ ಆಲ್ಡಸ್ ಮನೂಷಿಯಸ್ 1501ರಲ್ಲಿ ಕೈಯಲ್ಲಿ ಹಿಡಿಯುವಂಥ ಪುಟ್ಟ ಪುಸ್ತಕಕ್ಕೆ ಅದನ್ನು ಬಳಸಿದ. ಸ್ಲ್ಯಾಬ್ ಬಂದದ್ದು ಅದಾಗಿ ಮುನ್ನೂರು ವರ್ಷದ ಮೇಲೆ, ಲಂಡನ್ನಿನಲ್ಲಿ. ಗೋಡೆಗೆ ಅಂಟಿಸುವ ಜಾಹೀರಾತು ದೂರದಿಂದಲೇ ಕಣ್ಣಿಗೆ ಹೊಡೆಯಬೇಕಿತ್ತು. ರಾಬರ್ಟ್ ಬೆಸ್ಲಿಯ ಕ್ಲಾರೆಂಡನ್ ಎಂಬ ಸ್ಲ್ಯಾಬ್ ಫಾಂಟ್ 1845ರದ್ದು, ಇವತ್ತಿಗೂ ಬಳಕೆಯಲ್ಲಿದೆ. ಒಂದಕ್ಕೆ ಓಟ ಬೇಕು, ಇನ್ನೊಂದಕ್ಕೆ ಗಟ್ಟಿಯಾಗಿ ನಿಲ್ಲಬೇಕು. ಎರಡನ್ನೂ ಒಂದೇ ಅಕ್ಷರದಲ್ಲಿ ಕೂಡಿಸುವುದು ನಿಜಕ್ಕೂ ಕಷ್ಟದ ಕೆಲಸ.

ಕಂಪ್ಯೂಟರಿನಲ್ಲಿ ‘ಐ’ ಬಟನ್ ಒತ್ತಿದರೆ ಸಾಕಲ್ವಾ ಅನ್ನಬಹುದು. ಸಾಲದು. ನೆಟ್ಟಗಿನ ಅಕ್ಷರವನ್ನು ಸುಮ್ನೆ ಓರೆ ಮಾಡಿದರೆ ಪಟ್ಟಿಯ ಒಂದು ಮೂಲೆ ಚೂಪಾಗುತ್ತದೆ, ಇನ್ನೊಂದು ಮೊಂಡಾಗುತ್ತದೆ. ‘ಓ’ದ ದುಂಡಗಿನ ಗೆರೆ ಒಂದು ಕಡೆ ಊದಿಕೊಂಡು ಇನ್ನೊಂದು ಕಡೆ ಸೊರಗುತ್ತದೆ. ಗೆರೆ ದಪ್ಪ ಇದ್ದಷ್ಟೂ ಈ ದೋಷ ಎದ್ದು ಕಾಣುತ್ತದೆ. ಹಾಗಾಗಿ ಫಾಂಟ್ ಬರೆಯುವವರು ಪ್ರತಿ ಬಾಗನ್ನೂ ಹೊಸದಾಗಿ ತಿದ್ದುತ್ತಾರೆ. ಚಿಕ್ಕ ‘ಎಂ’ಗೆ ಮೂರು ಕಾಲು. ಮೂರಕ್ಕೂ ಎರಡೂ ಬದಿಗೆ ದಪ್ಪ ಪಟ್ಟಿ ಕೊಟ್ಟರೆ ಒಂದಕ್ಕೊಂದು ತಾಗಿ ಒಳಗಿನ ಬಿಳಿ ಜಾಗವೇ ಮುಚ್ಚಿಹೋಗುತ್ತದೆ. ಅಲ್ಲಿ ಪಟ್ಟಿ ಮೊಟಕು ಮಾಡಬೇಕು, ಇಲ್ಲವೇ ಒಂದು ಬದಿಯದನ್ನು ತೆಗೆಯಬೇಕು. ನನ್ನ ಕಣ್ಣಿಗೆ ಒಳ್ಳೆಯ ಫಾಂಟ್ ಗೊತ್ತಾಗುವುದು ಈ ‘ಎಂ’ನಲ್ಲೇ.

ಬಳಕೆಗೆ ಬಂದರೆ, ಇದು ನಾಲ್ಕೈದು ಪದದ ಅಕ್ಷರ. ಕ್ರಿಕೆಟ್ ಟೂರ್ನಿ ಹೆಸರು, ಜೆರ್ಸಿ ಮೇಲಿನ ನಂಬರು, ಅಂಗಡಿಯ ಆಫರು, ಇಂಥವಕ್ಕೆ ಚೆನ್ನ. ಪ್ಯಾರಾಗಟ್ಟಲೆ ಹಾಕಿದರೆ ಕಣ್ಣು ಸೋಲುತ್ತದೆ.

ದುಗ್ಗಮ್ಮನ ಜಾತ್ರೆ ಬಂತೆಂದರೆ ನಮ್ಮೂರ ಡಿಟಿಪಿ ಅಂಗಡಿಗಳಿಗೆ ಕುಸ್ತಿ ಫ್ಲೆಕ್ಸ್ ಕೆಲಸ ಬರುತ್ತದೆ. ಇಂಗ್ಲಿಷ್ ಸಾಲು ಓರೆಯಾಗಿದೆ ಅಂತ ಕನ್ನಡವನ್ನೂ ಜೊತೆಗೆ ಸೆಲೆಕ್ಟ್ ಮಾಡಿ ವಾಲಿಸಬೇಡಿ. ನಮ್ಮ ಲಿಪಿ ದುಂಡಗಿನದು, ಇಟಾಲಿಕ್ ರೂಢಿ ಅದಕ್ಕೆ ಇರಲೇ ಇಲ್ಲ. ತಲೆಕಟ್ಟು, ಒತ್ತಕ್ಷರ ಎಲ್ಲಾ ಪಕ್ಕಕ್ಕೆ ಸರಿದು ಓದು ತಡವರಿಸುತ್ತದೆ. ಕನ್ನಡವನ್ನು ನೆಟ್ಟಗೆ, ದಪ್ಪಗೆ, ಸ್ವಲ್ಪ ದೊಡ್ಡದಾಗಿ ಇಡಿ. ಒತ್ತಕ್ಷರ ಕೆಳಗಿನ ಸಾಲಿಗೆ ತಾಗದಷ್ಟು ಜಾಗ ಬಿಡಿ.