ಬೆನ್ನುಹುರಿಯ ಕಾಯಿಲೆ: ಮೊದಲು ಮಟ್ಟ ಹುಡುಕಿ

ತೀರ್ಥಹಳ್ಳಿ ಕಡೆಯ ಅಜ್ಜಿಯೊಬ್ಬರು ಓಪಿಡಿಗೆ ಬಂದಿದ್ದಾರೆ ಅಂತ ಇಟ್ಟುಕೊಳ್ಳೋಣ. ಕೆಲವು ತಿಂಗಳಿಂದ ಕಾಲು ಸೆಟೆದುಕೊಂಡಿವೆ. ನಡೆಯುವಾಗ ಚಪ್ಪಲಿ ಕಳಚಿಬಿದ್ದರೂ ಗೊತ್ತಾಗುವುದಿಲ್ಲ. ಬಚ್ಚಲಲ್ಲಿ ಕಣ್ಣು ಮುಚ್ಚಿ ಮುಖ ತೊಳೆಯುವಾಗ ವಾಲುತ್ತಾರೆ. ಸೊಂಟದ ಎಂಆರ್‌ಐ ಮಾಡಿಸಿದ್ದಾರೆ, ವಯಸ್ಸಿನ ಸವೆತ ಬಿಟ್ಟರೆ ಅದರಲ್ಲಿ ಏನೂ ಇಲ್ಲ.

ಇರುವುದಾದರೂ ಹೇಗೆ? ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೊದಲ ಎರಡು ಮೂಳೆಗಳ (ಎಲ್1, ಎಲ್2) ಹತ್ತಿರವೇ ಮುಗಿದುಹೋಗುತ್ತದೆ. ಅಲ್ಲಿಂದ ಕೆಳಗೆ ಇರುವುದು ಬರೀ ನರಗಳ ಗೊಂಚಲು. ಗೊಂಚಲು ಒತ್ತಿಕೊಂಡರೆ ಕಾಲು ಸಡಿಲವಾಗುತ್ತದೆ, ರಿಫ್ಲೆಕ್ಸ್ (ತಟ್ಟಿದಾಗ ತಾನಾಗಿ ಚಿಮ್ಮುವುದು) ಕಮ್ಮಿಯಾಗುತ್ತದೆ. ಈ ಅಜ್ಜಿಯದು ಉಲ್ಟಾ. ಮಂಡಿ ತಟ್ಟಿದರೆ ಕಾಲು ಜೋರಾಗಿ ಚಿಮ್ಮುತ್ತದೆ, ಅಂಗಾಲು ಗೀರಿದರೆ ಹೆಬ್ಬೆರಳು ಮೇಲೇಳುತ್ತದೆ. ಇವು ಹುರಿಯೇ ಕೆಟ್ಟಿರುವ ಗುರುತು. ಹಾಗಾದರೆ ಹುಡುಕಬೇಕಾದ್ದು ಎದೆ ಅಥವಾ ಕುತ್ತಿಗೆಯ ಮಟ್ಟದಲ್ಲಿ.

ಮಟ್ಟ, ಅಂದರೆ ಹುರಿ ಎಷ್ಟು ಎತ್ತರದಲ್ಲಿ ಕೆಟ್ಟಿದೆ ಅನ್ನುವುದನ್ನು ಹಿಡಿಯಲು ಗುಂಡುಸೂಜಿ ಸಾಕು. ಪಾದದಿಂದ ಮೇಲಕ್ಕೆ ಮೆಲ್ಲಗೆ ಚುಚ್ಚುತ್ತಾ ಹೋಗಿ, 'ಎಲ್ಲಿಂದ ಸರಿಯಾಗಿ ಚುಚ್ಚಿದ ಹಾಗಾಗ್ತದೆ?' ಅಂತ ಕೇಳಿ. ಮೊಲೆತೊಟ್ಟಿನ ಗೆರೆ ಟಿ4 (ಎದೆಭಾಗದ ಹುರಿಯ ನಾಲ್ಕನೇ ಮಟ್ಟ), ಹೊಕ್ಕುಳು ಟಿ10 (ಹತ್ತನೆಯದು). ಒಂದು ಎಚ್ಚರ: ಹೊರಗಿನಿಂದ ಹುರಿ ಒತ್ತಿಕೊಂಡಾಗ ನಿಜವಾದ ಜಾಗ ಈ ಗೆರೆಗಿಂತ ಎಷ್ಟೋ ಮೇಲಿರಬಹುದು. ಅಂಗಿ ಗುಂಡಿ ಹಾಕಲು ಬೆರಳು ತಡವರಿಸುತ್ತವಾ ಅಂತಲೂ ಕೇಳಿ. ಹೌದು ಅಂದರೆ ಕುತ್ತಿಗೆ ಬಿಡಬೇಡಿ.

ಆಮೇಲೆ ಹುರಿಯ ಯಾವ ಭಾಗ ಅಂತ ನೋಡಬೇಕು. ಕೀಲಿನ ಸ್ಥಾನ, ಕಂಪನ ತಿಳಿಸುವ ಎಳೆಗಳು ಹುರಿಯ ಹಿಂಭಾಗದಲ್ಲಿ ಅದೇ ಪಕ್ಕದಲ್ಲಿ ಮೇಲೇರುತ್ತವೆ. ನೋವು, ಬಿಸಿ-ತಂಪಿನ ಎಳೆಗಳು ಹುರಿಯೊಳಗೇ ಪಕ್ಕ ಬದಲಿಸುತ್ತವೆ. ಅದಕ್ಕೇ ಹುರಿಯ ಅರ್ಧಭಾಗ ಕೆಟ್ಟರೆ ಒಂದು ಕಾಲಿಗೆ ಬಲ ಇಲ್ಲ, ಇನ್ನೊಂದಕ್ಕೆ ಚುಚ್ಚಿದ್ದು ಗೊತ್ತಾಗುವುದಿಲ್ಲ. ಕಣ್ಣು ಮುಚ್ಚಿದರೆ ವಾಲುವುದು ಹಿಂಭಾಗದ ಲಕ್ಷಣ. ಅದರ ಜೊತೆ ಕಾಲೂ ಬಿಗಿಯಾಗಿದ್ದರೆ ವಿಟಮಿನ್ ಬಿ12 ಪರೀಕ್ಷೆ ಮರೆಯಬಾರದು. ಬೇಗ ಗೊತ್ತಾದರೆ ಇಂಜೆಕ್ಷನ್‌ನಿಂದ ಸುಧಾರಿಸುವ ಕಾಯಿಲೆ ಅದು.

ಎಷ್ಟು ಬೇಗ ಶುರುವಾಯಿತು ಅನ್ನುವುದು ಕಾರಣ ಹೇಳುತ್ತದೆ. ಗಂಟೆಗಳಲ್ಲಿ, ದಿನಗಳಲ್ಲಿ ಬಂದರೆ ಹುರಿಯ ಉರಿಯೂತ ಇರಬಹುದು. ವಾರಗಟ್ಟಲೆ ಬೆನ್ನುನೋವು, ಸಂಜೆ ಜ್ವರ, ತೂಕ ಇಳಿಕೆ ಇದ್ದರೆ ನಮ್ಮಲ್ಲಿ ಮೊದಲು ಬೆನ್ನುಮೂಳೆಯ ಕ್ಷಯವನ್ನೇ ನೆನೆಯಬೇಕು. ಒಂದೇ ಕ್ಷಣದಲ್ಲಿ ಆದದ್ದು ಪೆಟ್ಟು. ಮಲೆನಾಡಿನಲ್ಲಿ ಅಡಿಕೆ ಮರದಿಂದ ಬಿದ್ದವರು ಇದ್ದೇ ಇರುತ್ತಾರೆ, ಅಲ್ವಾ? ಇಲ್ಲಿ ಪುಸ್ತಕದ ಬಿಗಿ ಕಾಲು ಹುಡುಕಬೇಡಿ. ಪೆಟ್ಟಾದ ಹೊಸದರಲ್ಲಿ ಕಾಲು ಪೂರ್ತಿ ಸಡಿಲ, ರಿಫ್ಲೆಕ್ಸ್ ಇಲ್ಲವೇ ಇಲ್ಲ. ಬಿಗಿತ ಬರುವುದು ವಾರಗಳ ನಂತರ. ಬಿದ್ದವರನ್ನು ಕೈಕಾಲು ಹಿಡಿದು ಎತ್ತಿ ಜೀಪಿಗೆ ಹಾಕುವುದಂತೂ ಕೂಡದು. ಕುತ್ತಿಗೆ ಅಲುಗದ ಹಾಗೆ ಹಿಡಿದು, ಹಲಗೆಯ ಮೇಲೆ ಮಲಗಿಸಿಯೇ ಸಾಗಿಸಬೇಕು.

ಮೂತ್ರ ಕಟ್ಟಿದೆ, ಕೂರುವ ಜಾಗ ಜೋಮು ಹಿಡಿದಿದೆ ಅಂದರೆ ನಾಳೆಗೆ ಬಿಡಬಾರದು. ಅದೇ ದಿನ ಎಂಆರ್‌ಐ.

ನಡಿಗೆ ಕೆಟ್ಟವರದ್ದೆಲ್ಲ ಹುರಿಯ ಕಾಯಿಲೆಯೂ ಅಲ್ಲ. ಸಾಗರ ತಾಲೂಕಿನ ಹಂದಿಗೋಡು ಕಾಯಿಲೆಯನ್ನೇ ನೋಡಿ. ಕುಟುಂಬಗಳಲ್ಲಿ ಬರುವ ಅದು ಮೂಳೆ-ಕೀಲಿನ ತೊಂದರೆ, ಹೆಚ್ಚಾಗಿ ಸೊಂಟದ ಕೀಲಿನದು. ಅಲ್ಲಿ ತೊಡೆ ತಿರುಗಿಸಿದರೆ ನೋವು, ಅಂಗಾಲು ಗೀರಿದರೆ ಹೆಬ್ಬೆರಳು ಕೆಳಕ್ಕೇ ಬಾಗುತ್ತದೆ.