ಸೋರುವ ನಲ್ಲಿ ಕಾಣುತ್ತದೆ, ಹಾರುವ ನೀರು ಕಾಣುವುದಿಲ್ಲ

ನಲ್ಲಿ ತೊಟ್ಟಿಕ್ಕುವ ಸದ್ದು ಕೇಳಿದರೆ ಮಲಗಿದವರೂ ಎದ್ದು ಹೋಗಿ ಬಿಗಿಯಾಗಿ ತಿರುಪಿ ಬರುತ್ತಾರೆ. ಒಳ್ಳೆಯ ಕೆಲಸವೇ. ಸೆಕೆಂಡಿಗೊಂದು ಹನಿ ಬಿದ್ದರೂ ದಿನಕ್ಕೆ 86,400 ಹನಿ. ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೂ 4.3 ಲೀಟರ್ ಆಯಿತು. ಆದರೆ ಅದೇ ಮನೆಯ ತಾರಸಿಯಲ್ಲಿ ಬಾಯಿ ತೆರೆದು ನಿಂತ ತೊಟ್ಟಿಯ ಬಗ್ಗೆ ಯಾರಿಗೂ ನಿದ್ದೆ ಕೆಡುವುದಿಲ್ಲ. ಅದು ಖಾಲಿಯಾಗುವಾಗ ಸದ್ದಿಲ್ಲ, ನೆಲ ಒದ್ದೆಯಾಗುವುದಿಲ್ಲ.

ಲೆಕ್ಕ ಬಹಳ ಸುಲಭ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ನೀರು ಇಳಿದರೆ ಸರಿಯಾಗಿ ಒಂದು ಲೀಟರ್ ಹೋಯಿತೆಂದು ಅರ್ಥ. ಒಣಹವೆಯ ಕಡುಬೇಸಿಗೆಯಲ್ಲಿ ತೆರೆದ ನೀರು ದಿನಕ್ಕೆ ಎಂಟು ಮಿಲಿಮೀಟರ್ ಇಳಿಯುವುದು ಅಪರೂಪವೇನಲ್ಲ. ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲದ ತೊಟ್ಟಿಯಾದರೆ ದಿನಕ್ಕೆ 16 ಲೀಟರ್. ಹೆಚ್ಚುಕಡಿಮೆ ನಾಲ್ಕು ನಲ್ಲಿಗಳು ಹಗಲು ರಾತ್ರಿ ಸೋರಿದಷ್ಟು! ತಡೆಯಲು ಬೇಕಾದದ್ದು ಒಂದು ಹಲಗೆ.

ಬೇಸಿಗೆ ಬಂತೆಂದರೆ ನೀರುಳಿಸುವ ಸಲಹೆಗಳು ಬರುತ್ತವೆ. ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸಿ, ಷವರ್ ಬಿಟ್ಟು ಬಕೆಟ್ ಹಿಡಿಯಿರಿ, ವಾಷಿಂಗ್ ಮೆಷಿನ್ ತುಂಬಿದ ಮೇಲೆ ಓಡಿಸಿ. ಎಲ್ಲವೂ ಸರಿ, ಎಲ್ಲರಿಗೂ ಗೊತ್ತು. ನನಗೆ ಬೇಸರ ತರಿಸುವುದು ಒಂದೇ: ಆ ಪಟ್ಟಿಗಳಲ್ಲಿ ಆವಿಯ ಹೆಸರೇ ಇರುವುದಿಲ್ಲ. ಬೇಸಿಗೆಯಲ್ಲಿ ಏರುವ ನಷ್ಟವೇ ಅದು.

ನೀರಿನ ಅಣುಗಳು ಒಂದರ ಕೈ ಒಂದು ಹಿಡಿದು ನಿಂತ ಗುಂಪಿನ ಹಾಗೆ. ಗುಂಪಿನಲ್ಲಿ ಕೆಲವರು ಸುಮ್ಮನೆ ನಿಂತಿರುತ್ತಾರೆ, ಕೆಲವರು ಕುಣಿಯುತ್ತಿರುತ್ತಾರೆ. ಅಂಚಿನಲ್ಲಿದ್ದು ಜೋರಾಗಿ ಕುಣಿಯುವವನು ಕೈ ಕೊಡವಿಕೊಂಡು ಹೊರಗೆ ಜಿಗಿಯುತ್ತಾನೆ. ಅವನೇ ಆವಿ. ತರಗತಿಯಿಂದ ಹೆಚ್ಚು ಅಂಕದವರೆಲ್ಲ ಎದ್ದು ಹೋದರೆ ಉಳಿದವರ ಸರಾಸರಿ ಇಳಿಯುತ್ತದಲ್ಲ, ಹಾಗೆಯೇ ಚುರುಕಿನ ಅಣುಗಳು ಹೋದ ಮೇಲೆ ಉಳಿದ ನೀರು ತಣ್ಣಗಾಗುತ್ತದೆ. ಮಡಕೆಯ ನೀರು ತಂಪಾಗಿರುವುದು ಇದರಿಂದಲೇ ಹೊರತು ಮಣ್ಣಿಗೆ 'ತಂಪು ಗುಣ' ಇರುವುದರಿಂದಲ್ಲ. ಮಡಕೆಯ ಹೊರಮೈಗೆ ಬಣ್ಣ ಬಳಿದು ನೋಡಿ. ಮಣ್ಣು ಅದೇ, ತಂಪು ಮಾತ್ರ ಮಾಯ.

ಹೀಗೆ ಜಿಗಿಯುವುದಕ್ಕೆ ತೆರಬೇಕಾದ ಬೆಲೆ ದೊಡ್ಡದು. ಒಂದು ಲೀಟರ್ ನೀರನ್ನು ಸೊನ್ನೆಯಿಂದ 100 ಡಿಗ್ರಿಗೆ ಕಾಯಿಸಲು ಸುಮಾರು 420 ಕಿಲೋಜೂಲ್ ಸಾಕು. ಆ ಕುದಿಯುವ ನೀರನ್ನು ಪೂರ್ತಿ ಆವಿ ಮಾಡಲು 2,260 ಕಿಲೋಜೂಲ್ ಬೇಕು, ಅಂದರೆ ಐದು ಪಟ್ಟಿಗೂ ಹೆಚ್ಚು. ಇಷ್ಟೊಂದು ಶಾಖ ಕೊಟ್ಟರೂ ಥರ್ಮಾಮೀಟರ್ ಕದಲುವುದಿಲ್ಲ. 1760ರ ದಶಕದ ಮೊದಲ ವರ್ಷಗಳಲ್ಲಿ ಗ್ಲಾಸ್ಗೋದ ವಿಜ್ಞಾನಿ ಜೋಸೆಫ್ ಬ್ಲ್ಯಾಕ್ ಗುರುತಿಸಿದ ಈ ಅಡಗಿದ ಶಾಖಕ್ಕೆ ನಾವು ಗುಪ್ತೋಷ್ಣ ಎನ್ನುತ್ತೇವೆ. ಅದಕ್ಕೂ ಮೊದಲು, 1758ರಲ್ಲಿ, ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಮತ್ತು ರಸಾಯನಶಾಸ್ತ್ರಜ್ಞ ಜಾನ್ ಹ್ಯಾಡ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿ ಥರ್ಮಾಮೀಟರಿನ ಬುಡಕ್ಕೆ ಥಟ್ಟನೆ ಆವಿಯಾಗುವ ಈಥರ್ ಎಂಬ ದ್ರವವನ್ನು ಮತ್ತೆ ಮತ್ತೆ ಹಚ್ಚಿ, ಗಾಳಿ ಊದಿ, ಆವಿಯಾಗುವುದೊಂದರಿಂದಲೇ ಅದನ್ನು ಹಿಮಬಿಂದುವಿಗಿಂತ ಎಷ್ಟೋ ಕೆಳಕ್ಕೆ ಇಳಿಸಿದ್ದರು. ಬೇಸಿಗೆಯ ದಿನದಲ್ಲಿ ಥರ್ಮಾಮೀಟರಿನ ಮೇಲೆ ಮಂಜುಗಡ್ಡೆ ಕಟ್ಟಿದ್ದನ್ನು ನೆನೆಸಿಕೊಂಡರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಇಲ್ಲೊಂದು ತಪ್ಪು ಕಲ್ಪನೆ ಬಹಳ ಕಡೆ ಬೇರುಬಿಟ್ಟಿದೆ: ಬಿಸಿಗಾಳಿ ಸ್ಪಂಜಿನಂತೆ ನೀರನ್ನು ಹೀರುತ್ತದೆ ಎಂಬುದು. ಗಾಳಿ ಹೀರುವುದಿಲ್ಲ. ಗಾಳಿಯೇ ಇಲ್ಲದ ಕಡೆಯೂ ನೀರು ಆವಿಯಾಗುತ್ತದೆ. ನಡೆಯುವುದು ಬಾಗಿಲಲ್ಲಿ ಹೋಗಿಬರುವವರ ಲೆಕ್ಕ: ನೀರಿನಿಂದ ಎಷ್ಟು ಅಣುಗಳು ಹೊರಬಿದ್ದವು, ಮೇಲಿನ ಆವಿಯಿಂದ ಎಷ್ಟು ವಾಪಸು ಬಂದವು. ಈ ಎರಡರ ವ್ಯತ್ಯಾಸವೇ ನಮ್ಮ ನಷ್ಟ. 1802ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾನ್ ಡಾಲ್ಟನ್ ಇದನ್ನು ನಿಯಮವಾಗಿ ಬರೆದಿಟ್ಟ. ನೀರು 20 ಡಿಗ್ರಿಯಲ್ಲಿದ್ದಾಗ ಹೊರಹೋಗುವವರ ಒತ್ತಡ 2.3 ಕಿಲೋಪಾಸ್ಕಲ್, 30ರಲ್ಲಿ 4.2, 40ರಲ್ಲಿ 7.4. 20ರಿಂದ 40 ಡಿಗ್ರಿಗೆ ಏರಿದರೆ ಒತ್ತಡ ಮೂರು ಪಟ್ಟಿಗೂ ಹೆಚ್ಚು. ಬೀಸುವ ಗಾಳಿ ಮಾಡುವುದೇನೆಂದರೆ, ವಾಪಸು ಬರಬೇಕೆಂದು ಬಾಗಿಲ ಬಳಿ ಸುಳಿದಾಡುತ್ತಿರುವವರನ್ನು ದೂರ ತಳ್ಳಿಬಿಡುತ್ತದೆ. ಮುಚ್ಚಳ ಹಾಕಿದಾಗ ಅವರೆಲ್ಲ ಅಲ್ಲೇ ಗುಂಪುಗೂಡಿ, ಹೋದಷ್ಟೇ ಮಂದಿ ತಿರುಗಿ ಬರುತ್ತಾರೆ.

ಆವಿಯಾದರೇನು, ಮಳೆಯಾಗಿ ಬರುತ್ತದಲ್ಲ ಎನ್ನುವವರಿದ್ದಾರೆ. ಬರುತ್ತದೆ. ಆವಿ ವಾತಾವರಣದಲ್ಲಿ ಇರುವುದು ಸರಾಸರಿ ಒಂಬತ್ತು ಹತ್ತು ದಿನ. ಅಷ್ಟರಲ್ಲಿ ಅದು ಯಾವ ಸಮುದ್ರದ ಮೇಲಿರುತ್ತದೋ! ಆ ನೀರನ್ನು ಸೋಸಲು, ಎತ್ತಲು, ತಾರಸಿಗೆ ಏರಿಸಲು ಉರಿದ ವಿದ್ಯುತ್ತಂತೂ ಯಾವ ಮಳೆಯಲ್ಲೂ ವಾಪಸು ಬರುವುದಿಲ್ಲ.

ಗಿಡಗಳ ವಿಷಯಕ್ಕೆ ಬಂದರೆ ತಪ್ಪು ತಿಳಿವಳಿಕೆಗಳು ಇನ್ನೂ ಹೆಚ್ಚು. ಮಧ್ಯಾಹ್ನ ನೀರು ಹಾಕಿದರೆ ಹನಿಗಳು ಭೂತಗನ್ನಡಿಯಾಗಿ ಎಲೆ ಸುಡುತ್ತವೆ ಎಂದು ಹಲವರು ನಂಬಿದ್ದಾರೆ. 2010ರಲ್ಲಿ ಹಂಗೇರಿಯ ವಿಜ್ಞಾನಿಗಳು ಇದನ್ನು ಪರೀಕ್ಷಿಸಿದರು. ಎಲೆಗಳ ಮೇಲೆ ಗಾಜಿನ ಗುಂಡುಗಳನ್ನಿಟ್ಟು ಬಿಸಿಲಿಗೆ ಒಡ್ಡಿದರೆ ಎಲೆ ಸುಟ್ಟಿತು. ನಯವಾದ ಎಲೆಯ ಮೇಲಿನ ನೀರಹನಿ ಸುಡಲಿಲ್ಲ. ರೋಮಗಳ ತುದಿಯಲ್ಲಿ ಹನಿ ಎತ್ತರಕ್ಕೆ ನಿಲ್ಲುವ ಕೆಲವು ಎಲೆಗಳಲ್ಲಿ ಮಾತ್ರ ಅಂಥ ಅಪಾಯ ಕಂಡಿತು. ಮಧ್ಯಾಹ್ನ ನೀರು ಹಾಕಬಾರದು ನಿಜ, ಆದರೆ ಕಾರಣ ಎಲೆ ಸುಡುವುದಲ್ಲ, ಬೇರು ಮುಟ್ಟುವ ಮೊದಲೇ ನೀರು ಹಾರಿಹೋಗುವುದು. ನಡುಮಧ್ಯಾಹ್ನ ಎಲೆ ಜೋತುಬಿದ್ದಿತೆಂದು ಗಾಬರಿಬಿದ್ದು ಬಕೆಟ್ ಹಿಡಿಯುವುದೂ ಹಾಗೆಯೇ. ಎಲೆ ನೀರನ್ನು ಆವಿಯಾಗಿ ಹೊರಬಿಡುವ ವೇಗಕ್ಕೆ ಬೇರು ನೀರೆಳೆಯುವ ವೇಗ ಸಾಲದಿದ್ದಾಗ ಮಣ್ಣು ತೇವವಾಗಿದ್ದರೂ ಎಲೆ ಬಾಡುತ್ತದೆ. ಸಂಜೆಗೆ ತಾನಾಗಿ ಎದ್ದು ನಿಲ್ಲುತ್ತದೆ. ಮಣ್ಣಿಗೆ ಬೆರಳು ಎರಡು ಗೆಣ್ಣಿನಷ್ಟು ಇಳಿಸಿ ನೋಡಿ. ತುದಿಗೆ ತಂಪು ತಾಗಿದರೆ ನೀರು ಬೇಡ.

ಬೆರಳಿಳಿಸಿದಾಗ ಇನ್ನೊಂದು ಸಂಗತಿ ಗೊತ್ತಾಗುತ್ತದೆ: ಮೇಲೆ ಪುಡಿಪುಡಿ ಒಣಮಣ್ಣು, ಕೆಳಗೆ ತೇವ. ಮಣ್ಣಿನ ಕಣಗಳ ನಡುವಿನ ಸಂದುಗಳು ದೀಪದ ಬತ್ತಿಯಂತೆ. ಬತ್ತಿ ಎಣ್ಣೆಯನ್ನು ಮೇಲಕ್ಕೆಳೆದಂತೆ ಅವು ಕೆಳಗಿನ ನೀರನ್ನು ಮೇಲಕ್ಕೆ ತರುತ್ತವೆ, ಬಿಸಿಲು ಅದನ್ನು ಉರಿಸುತ್ತದೆ. ಮೇಲ್ಪದರ ಪೂರ್ತಿ ಒಣಗಿದಾಗ ಬತ್ತಿ ತುಂಡಾಗಿ ಏರುವುದು ನಿಧಾನವಾಗುತ್ತದೆ. ದಿನಾ ಬೆಳಿಗ್ಗೆ ಒಂದೊಂದು ಚೊಂಬು ಚಿಮುಕಿಸುವವರು ತುಂಡಾದ ಬತ್ತಿಯನ್ನು ದಿನವೂ ಗಂಟುಹಾಕಿ ಕೊಡುತ್ತಿದ್ದಾರೆ ಅಷ್ಟೇ. ಅದರ ಬದಲು ಕೆಲವು ದಿನಕ್ಕೊಮ್ಮೆ ಸಂಜೆ, ಆಳಕ್ಕಿಳಿಯುವಂತೆ ಕೊಟ್ಟು, ಮೇಲೆ ನಾಲ್ಕು ಬೆರಳಿನಷ್ಟು ಒಣ ಎಲೆ, ಹುಲ್ಲು ಹೊದಿಸಿ. ಹೊದಿಕೆಯ ಸಂದುಗಳು ದೊಡ್ಡವು, ಬತ್ತಿಯಾಗಲಾರವು. ಬಿಸಿಲು ಮಣ್ಣಿಗೆ ತಾಗದು, ಗಾಳಿಯೂ ತಾಗದು. ಬುಡಕ್ಕೆ ಒತ್ತಿಡಬೇಡಿ, ಕಾಂಡ ಕೊಳೆಯುತ್ತದೆ.

ಸುಣ್ಣ ಬಣ್ಣ ಕಾಣದ ಮಡಕೆಯೊಂದನ್ನು ಕತ್ತಿನವರೆಗೆ ಹೂತು, ನೀರು ತುಂಬಿ ಮುಚ್ಚುವುದು ಇದಕ್ಕಿಂತಲೂ ಚೆಂದದ ಉಪಾಯ. ಎರಡು ಸಾವಿರ ವರ್ಷಗಳಷ್ಟು ಹಿಂದೆಯೇ ಚೀನಾದ ಕೃಷಿಪಂಡಿತ ಫಾನ್ ಶೆಂಗ್‌ಜಿ ಬಳ್ಳಿಗಳ ನಡುವೆ ಹೀಗೆ ಮಡಕೆ ಹೂಳುವುದನ್ನು ಬರೆದಿದ್ದ. ಸುತ್ತಲಿನ ಮಣ್ಣು ಒಣಗಿದಾಗ ಮಡಕೆ ಒಸರುತ್ತದೆ, ತೇವವಾದಾಗ ತಾನೇ ನಿಲ್ಲಿಸುತ್ತದೆ. ಅದಕ್ಕೆ ವಾಲ್ವ್ ಬೇಡ, ಟೈಮರ್ ಬೇಡ.

ಇಷ್ಟೆಲ್ಲ ಕೇಳಿ ಆವಿಯೆಂದರೆ ಕಳ್ಳತನವೇ ಎಂದುಕೊಂಡರೆ ಮರಗಳಿಗೆ ಅನ್ಯಾಯ ಮಾಡಿದಂತೆ. 1724ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಕುಂಡದ ಸೂರ್ಯಕಾಂತಿಯನ್ನು ಬೆಳಿಗ್ಗೆ ಸಂಜೆ ತೂಗುತ್ತಿದ್ದ. ಮಣ್ಣಿನಿಂದ ಹಾರುವ ನೀರು ಲೆಕ್ಕಕ್ಕೆ ಸೇರಬಾರದೆಂದು ಕುಂಡದ ಬಾಯಿಗೆ ಸೀಸದ ತಗಡು ಮುಚ್ಚಿದ್ದ. ಹೀಗೆ ಎಲೆಯ ಆವಿ ಬೇರೆ, ಮಣ್ಣಿನ ಆವಿ ಬೇರೆ ಎಂದು ಆತ ಬಿಡಿಸಿದ. ಬೇಸಿಗೆಯ ನೀರಿನ ಲೆಕ್ಕವನ್ನು ನಾವೂ ಹಾಗೆಯೇ ಬಿಡಿಸಬೇಕು: ದುಡಿಯುವ ಆವಿ ಯಾವುದು, ದಂಡದ ಆವಿ ಯಾವುದು? ಎಲೆಯಿಂದ ಹೊರಡುವ ಆವಿ ಬೇರಿನಿಂದ ನೀರೆಳೆಯುತ್ತದೆ, ಎಲೆಯನ್ನೂ ಸುತ್ತಲಿನ ಗಾಳಿಯನ್ನೂ ತಣಿಸುತ್ತದೆ. ಮರವೊಂದು 100 ಲೀಟರ್ ನೀರನ್ನು ಎಲೆಗಳಿಂದ ಹೊರಬಿಟ್ಟಾಗ ಸುಮಾರು 67 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖವನ್ನು ಹೊತ್ತೊಯ್ಯುತ್ತದೆ. ಬಟ್ಟೆ ಜಾಲಾಡಿದ ಕೊನೆಯ ನೀರು, ತರಕಾರಿ ತೊಳೆದ ನೀರು ಚರಂಡಿಗೆ ಹೋಗುವ ಬದಲು ಮರದ ಬುಡಕ್ಕೆ ಹೋಗಲಿ. ಹಕ್ಕಿಗಳಿಗೆಂದು ತಟ್ಟೆಯಲ್ಲಿಡುವ ನೀರೂ ದುಡಿಯುವ ನೀರೇ. ನೆರಳಿನಲ್ಲಿಡಿ, ಸೊಳ್ಳೆ ಬೆಳೆಯದಂತೆ ದಿನಾ ಬದಲಿಸಿ, ಹಳೆಯದನ್ನು ಗಿಡಕ್ಕೆ ಚೆಲ್ಲಿ. ನೀರು ತುಂಬುವ ಕೂಲರನ್ನು ಕಿಟಕಿ ಮುಚ್ಚಿದ ಕೋಣೆಯಲ್ಲಿ ಓಡಿಸುವುದು ಮಾತ್ರ ಶುದ್ಧ ದಂಡ. ಆವಿ ಹೊರಗೆ ಹೋಗಲಾರದೆ ತುಂಬಿಕೊಳ್ಳುತ್ತದೆ, ಸೆಕೆ ಹೆಚ್ಚುತ್ತದೆ, ಮೈಯ ಬೆವರೂ ಆರುವುದಿಲ್ಲ.

ದೊಡ್ಡ ಜಲಾಶಯಗಳಲ್ಲಿ ಈ ಕಳ್ಳತನ ತಡೆಯಲು ಏನೇನೋ ಮಾಡಿದ್ದಾರೆ. 1950ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ನೀರಿನ ಮೇಲೆ ಸಿಟೈಲ್ ಆಲ್ಕೋಹಾಲ್ ಎಂಬ ಮೇಣದಂಥ ವಸ್ತುವಿನ ಒಂದೇ ಅಣುವಿನಷ್ಟು ದಪ್ಪದ ಪೊರೆ ಹರಡಿ ನೋಡಿದರು. ಗಾಳಿ ಬೀಸಿದರೆ ಪೊರೆ ಚಿಂದಿಯಾಗುತ್ತಿತ್ತು. 2015ರಲ್ಲಿ ಲಾಸ್ ಏಂಜಲೀಸಿನ ಜಲಾಶಯವೊಂದರ ಮೇಲೆ 9.6 ಕೋಟಿ ಕಪ್ಪು ಪ್ಲಾಸ್ಟಿಕ್ ಚೆಂಡುಗಳನ್ನು ಹರಡಿದರು. ಬಿಸಿಲು ತಾಗಿ ನೀರು ಕೆಡದಿರಲೆಂಬುದು ಮುಖ್ಯ ಉದ್ದೇಶ, ಆವಿಯ ಉಳಿತಾಯವೂ ಜೊತೆಗೆ. 2018ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ, ಬರದ ಕಾಲದಲ್ಲಿ ಆ ಚೆಂಡುಗಳು ಉಳಿಸಿದ ನೀರಿಗಿಂತ ಅವನ್ನು ತಯಾರಿಸಲು ಖರ್ಚಾದ ನೀರೇ ಹೆಚ್ಚು.

ಆದ್ದರಿಂದ ತೊಟ್ಟಿ ಮುಚ್ಚಲು ಹೊಸದೇನನ್ನೂ ಕೊಳ್ಳಬೇಡಿ. ಹಳೆಯ ಹಲಗೆ, ಬಾಗಿದ ತಗಡು, ಒಡೆದ ಮೇಜಿನ ಮೇಲ್ಭಾಗ, ಮನೆಯಲ್ಲಿ ಬಿದ್ದಿರುವುದು ಯಾವುದಾದರೂ ಆದೀತು. ಬಟ್ಟೆ ಹೊದಿಸುವುದಾದರೆ ಬಿಗಿಯಾಗಿ ಕಟ್ಟಿ, ನಡುವೆ ಜೋಲದಂತೆ ನೋಡಿಕೊಳ್ಳಿ. ಜೋತ ಬಟ್ಟೆಯ ಒಂದು ಮೂಲೆ ನೀರಿಗೆ ತಾಗಿದರೂ ಸಾಕು, ಅದು ಬತ್ತಿಯಾಗಿ ನೀರನ್ನೆಳೆದು ಪೂರ್ತಿ ಒದ್ದೆಯಾಗುತ್ತದೆ, ಮುಚ್ಚಳವೆಂದು ಹಾಕಿದ್ದೇ ತಾರಸಿಯ ಗಾಳಿಯಲ್ಲಿ ಆರತೊಡಗುತ್ತದೆ.